ಘಾಟಿಲ್ಲದ ಹಲಗೆ

ಹುಲಗೇಶ,

ನೀನು ಜೀಡಿಮೆಟ್ಲಾದ ನಮ್ಮ ಮೇಜು-ಕುರ್ಚಿ ಕಾರ್ಖಾನೆ ಬಿಟ್ಟು ಮೂರು ವರ್ಷವಾಯಿತು. ಎಲ್ಲಿದ್ದೀಯೋ ಗೊತ್ತಿಲ್ಲ; ಈ ಕಾಗದ ಅಂಚೆಗೆ ಬೀಳುವುದಿಲ್ಲ.

ಇವತ್ತು ಮಾದಾಪುರದ ಹೊಸ ಸಾಫ್ಟ್‌ವೇರ್ ಕಂಪನಿಯೊಂದರವರು ಇನ್ನೂರು ಮೇಜು ಬೇಕೆಂದು ಬಂದಿದ್ದರು. ಅಗ್ಗದ ಹಲಗೆಯೇ ಸಾಕೆಂದರು. ಅದರ ಅಂಟಿನ ಘಾಟಿಗೆ ಕೊಯ್ಯುವವರ ಕಣ್ಣು, ಎದೆ ಉರಿಯುತ್ತವೆ. ದುಬಾರಿಯಾದರೂ ಕಬ್ಬಿನ ಸಿಪ್ಪೆಯಿಂದ ಮಾಡಿದ, ಘಾಟಿಲ್ಲದ ಹಲಗೆಯನ್ನೇ ಹಾಕುತ್ತೇನೆ ಎಂದೆ. ಅಂದು ಹಲಗೆ ಕೊಯ್ಯುತ್ತಿದ್ದ ನೀನು ಇದನ್ನೇ ಬೇಡಿದಾಗ ನಾನು ಬೈದಿದ್ದೆ. ಅವರು ಚಹಾ ಕುಡಿದು ಎದ್ದು ಹೋದರು. ಈ ತಿಂಗಳು ಹೀಗೆ ಹೋದವರಲ್ಲಿ ಇವರು ಮೂರನೆಯವರು.

ಹಲಗೆ ಉಜ್ಜುವ ಹಂಪಮ್ಮ ಬಾಗಿಲಲ್ಲೇ ನಿಂತಿದ್ದಳು.

"ಈಗ ಕಣ್ಣ ಉರಿಯಂಗಿಲ್ರಿ, ಖರೆ. ಆದ್ರ ನಾಳಿಂದ ಕೆಲಸ ಐತೇನ್ರಿ?"

"ಐತಿ" ಎಂದು ಸುಳ್ಳು ಹೇಳಿದೆ. ಮತ್ತೆ ಆ ಅಗ್ಗದ ಹಲಗೆ ತಂದರೆ ಅವಳ ಎದೆ ಕೆಡುತ್ತದೆ, ತರದಿದ್ದರೆ ಅನ್ನ ತಪ್ಪುತ್ತದೆ. ಯಾವ ಕಡೆಗೂ ಹೊರಳಲಾಗದೆ ಕೂತಿದ್ದೇನೆ.

ನೀನು ಹೊರಟ ದಿನ ಗೇಟಿನವರೆಗೂ ಕೆಮ್ಮುತ್ತಲೇ ನಡೆದೆ. ನನಗೆ ಒಳಗೆ ಕೇಳಿಸುತ್ತಿತ್ತು. ಒಂದು ಲೋಟ ನೀರು ಹಿಡಿದುಕೊಂಡಾದರೂ ನಾನು ಹೊರಗೆ ಬರಲಿಲ್ಲ.