ಬೆಳಕು ಗುರುತಿಸುವ ತಂತಿ

ಮರವಂತೆ
೧೨-೮-೨೦೧೩

ಗುರುಗಳಾದ ರಾಜೀವ ಸರ್ ಅವರಿಗೆ ವಿನಯಾಳ ನಮಸ್ಕಾರಗಳು.

ರಜೆ ಮುಗಿದರೂ ನಾನು ಪ್ರಯೋಗಾಲಯಕ್ಕೆ ಬಂದಿಲ್ಲ. ಕಾರಣ ಹೇಳದೆ ಉಳಿದದ್ದಕ್ಕೆ ಕ್ಷಮಿಸಿ.

ನನ್ನ ತಂಗಿ ಸೌಮ್ಯಶ್ರೀಗೆ ಹದಿನಾಲ್ಕನೇ ವಯಸ್ಸಿನಲ್ಲಿ ಕಣ್ಣು ಹೋಯಿತು. ಅದೇ ವರ್ಷ ನಮ್ಮ ನ್ಯಾನೊತಂತಿ ಮೊದಲ ಸಲ ಬೆಳಕನ್ನು ಗುರುತಿಸಿತ್ತು. ಕೂದಲಿಗಿಂತ ಸಾವಿರ ಪಾಲು ತೆಳ್ಳಗಿನ ತಂತಿ, ಬೆಳಕು ಬಿದ್ದೊಡನೆ ಕರೆಂಟು ಹರಿಸುತ್ತದೆ ಎಂದು ಫೋನಿನಲ್ಲಿ ಅವಳಿಗೆ ಹೇಳಿದೆ. ಸಂಭ್ರಮದಲ್ಲಿ, "ಅದನ್ನೇ ನಿನ್ನ ಕಣ್ಣಿಗೆ ಹಾಕ್ತೆ" ಎಂದೂ ಹೇಳಿಬಿಟ್ಟೆ.

ಅವಳು ನಂಬಿದಳು. ಅಪ್ಪಯ್ಯ ಬ್ರೈಲ್ ಕಲಿಸುವ ಶಾಲೆಗೆ ಸೇರಿಸಲು ಹೊರಟಾಗ, "ನಂಗೆ ಕಣ್ಣ್ ಬತ್ತ್, ಆ ಶಾಲಿ ಎಂತಕ್ಕೆ?" ಎಂದು ಹಟ ಹಿಡಿದಳು. ಆರು ವರ್ಷ ಮನೆಯಲ್ಲೇ ಕುಳಿತಳು. ನಾನು ಒಮ್ಮೆಯೂ ತಿದ್ದಲಿಲ್ಲ.

ಕಳೆದ ವಾರ ಕುಂದಾಪುರದ ಡಾಕ್ಟರು, ಕಣ್ಣಿನ ನರವೇ ಸತ್ತಿದೆ, ಏನು ಹಾಕಿದರೂ ಮಿದುಳಿಗೆ ತಲುಪದು ಎಂದರು. ನಮ್ಮ ತಂತಿ ಇನ್ನೂ ಯಾರ ಕಣ್ಣಿನ ಹತ್ತಿರವೂ ಹೋಗಿಲ್ಲವೆಂದು ನಾನೂ ಆಗಲೇ ಬಾಯಿಬಿಟ್ಟೆ. ಅವಳು ಅಳಲಿಲ್ಲ.

"ನಿಂಗ್ ಮೊದ್ಲೇ ಗೊತ್ತಿತ್ತಾ ಅಕ್ಕ?"

ಗೊತ್ತಿತ್ತು ಎಂದೆ. ಅಂದಿನಿಂದ ನನ್ನೊಡನೆ ಮಾತಿಲ್ಲ.

ಪ್ರಬಂಧ ಮುಗಿಸುವ ಶಕ್ತಿ ನನಗಿಲ್ಲ. ನನ್ನ ತಂತಿಗಳನ್ನೂ ಟಿಪ್ಪಣಿ ಪುಸ್ತಕಗಳನ್ನೂ ನನ್ನ ಪಕ್ಕದ ಮೇಜಿನ ಅಮಿತಾಳಿಗೆ ಕೊಟ್ಟುಬಿಡಿ, ಅವಳು ಮುಂದುವರಿಸಲಿ.

ಇನ್ನೊಂದು ಕೇಳಿಕೆ. ನಿಮಗೆ ಬ್ರೈಲ್ ಕಲಿಸುವವರ ಪರಿಚಯವಿದ್ದರೆ, ಇಪ್ಪತ್ತು ವರ್ಷದವಳನ್ನು ಸೇರಿಸಿಕೊಳ್ಳುತ್ತಾರೆಯೇ ವಿಚಾರಿಸಿ. ಉತ್ತರವನ್ನು ಅಪ್ಪಯ್ಯನ ಹೆಸರಿಗೆ ಬರೆಯಿರಿ. ನಾನು ಕೇಳಿದ್ದೆಂದು ತಿಳಿದರೆ ಅವಳು ಹೋಗುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ವಿನಯಾ