ಜೀರಿಗಿಗೆ ಸುಮ್ಮನಿರಲು ಕಲಿಸಿದ್ದು

ಜುಲೈ 3, ಗುರುವಾರ. ಬೆಳಿಗ್ಗೆ

‘ಸದ್ದಡಗಿದ ಮನೆಯಲ್ಲಿ ದೀಪ ನೆಟ್ಟಗೆ ಉರಿಯುತ್ತದೆ.’ ಎಲ್ಲಿ ಓದಿದ್ದೋ. ದೀಪವೋ ಹಣತೆಯೋ, ಅದೂ ಸರಿಯಾಗಿ ನೆನಪಿಲ್ಲ. ಚಹಾ ಸೋಸುವಾಗ ತಾನಾಗಿ ಬಂತು. ನಿಜವೇ ಇದು? ದೀಪಕ್ಕೆ ತೊಂದರೆ ಗಾಳಿಯಿಂದ. ಸದ್ದು ಅದಕ್ಕೇನು ಮಾಡೀತು... ಬರೆದವರ ಮನೆಯಲ್ಲಿ ನಾಯಿ ಇರಲಿಲ್ಲ ಅನ್ನಿಸುತ್ತದೆ.

ಇವತ್ತೂ ಹಾಲಿನವನಿಗೆ ಬೊಗಳಿತು. ಪೇಪರಿನವನಿಗೆ. ಮೇಲಿನ ಮನೆಯ ನಿಖಿತಾ ಕಾಲೇಜಿಗೆ ಇಳಿದಾಗ. ಅವಳು ಏನೋ ಮರೆತು ಮತ್ತೆ ಹತ್ತಿದಾಗ. ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ನಮ್ಮದು ಮೊದಲನೇ ಮಹಡಿ. ಎಲ್ಲರೂ ನಮ್ಮ ಬಾಗಿಲು ದಾಟಿಯೇ ಹೋಗಬೇಕು. ಯಾರ ಚಪ್ಪಲಿ ಸದ್ದಾದರೂ ಜೀರಿಗಿ ಬಾಗಿಲಿಗೆ ಹಾರುತ್ತದೆ. ಮೊಲದಷ್ಟು ಮೈ, ಗಂಟಲು ಮಾತ್ರ ಫೌಜದಾರನದು.

ಸಂಜೆ

ಎದುರು ಮನೆಯ ಸುಹಾಸಿನಿ ವೈನಿ ಬಂದಿದ್ದರು. ಕೂರಲಿಲ್ಲ. ಸೆರಗಿನ ತುದಿ ಸುತ್ತುತ್ತ ನಿಂತರು.

“ಸುವರ್ಣಾ, ತಪ್ಪು ತಿಳಕೋಬ್ಯಾಡ್ರಿ. ಇವ್ರಿಗೆ ರಾತ್ರಿ ನಿದ್ದಿ ಇಲ್ಲ. ಹಗಲೊತ್ತು ಒಂದೀಟು ಕಣ್ಣು ಮುಚ್ಚಾರೇನು ಅನ್ನೂದ್ರಾಗ ನಿಮ್ಮ ಜೀರಿಗಿ ಒದರತೈತಿ. ನಾ ಹೋಗಿ ನೋಡಿದ್ರ ಎದ್ದು ಕುಂದರಾಕ ಹೆಣಗ್ಯಾಡತಿರ್ತಾರ.”

ಅವರ ಯಜಮಾನರು ದತ್ತಾತ್ರೇಯ ಅಣ್ಣಾರು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುತ್ತಿದ್ದವರು. ಶುಗರ್ ಹೋದ ವರ್ಷ ಎರಡೂ ಕಣ್ಣು ತಿಂದಿತು. ಈಗ ಕಾಲೂ ಏಳುವುದಿಲ್ಲ, ಹಾಸಿಗೆ. ವೈನಿ ಈವರೆಗೆ ನಮ್ಮ ಬಗ್ಗೆ ಒಂದು ಮಾತು ಆಡಿದವರಲ್ಲ. ಅದಕ್ಕೇ ಮುಖ ಎತ್ತಲಾಗಲಿಲ್ಲ.

ಕೆಳಗಿಳಿದರೆ ಗೇಟಿನ ಹತ್ತಿರ ನಮ್ಮ ಕಟ್ಟಡದ ಅಸೋಸಿಯೇಷನ್ ಸೆಕ್ರೆಟರಿ ಕಾದಿದ್ದರು. “ಬುರಾ ಮತ್ ಮಾನ್ನಾ ಮೇಡಂ. ಜೀಡಿಮೆಟ್ಲಾದಲ್ಲಿ ನಮ್ಮ ಭಾವನ ಕೆಮಿಕಲ್ ಗೋಡೌನ್ ಇದೆ. ಅಲ್ಲಿ ಬೊಗಳೋ ನಾಯೇ ಬೇಕು.” ಆಮೇಲೆ ದಯೆ ತೋರಿಸಿದಂತೆ, “ಬೋನಾಲು ಹಬ್ಬ ಮುಗೀಲಿ, ನೋಡೋಣ” ಅಂದರು.

ಕೆಮಿಕಲ್ ವಾಸನೆ. ಸರಪಳಿ. ಜೀರಿಗಿ.

ಜುಲೈ 4

ರಶ್ಮಿ ಹೋಗಿ ಐದು ತಿಂಗಳು. ನನ್ನ ತಂಗಿ—ಹೀಗೆ ಬರೆದು ನೋಡಿದರೂ ನಂಬಿಕೆ ಬರುವುದಿಲ್ಲ. ಉಪ್ಪಲ್‌ನ ಈ ಮನೆಗೆ ಅವಳದೆಂದು ಬಂದದ್ದು ಎರಡು ಸೀರೆ, ಒಂದು ಮಿಕ್ಸರ್, ಈ ನಾಯಿ. ನಾಯಿಯನ್ನು ಯಾರು ನೋಡಿಕೊಳ್ಳಬೇಕೆಂದು ಅವಳು ಹೇಳಲಿಲ್ಲ. ಏನನ್ನೂ ಹೇಳಲಿಲ್ಲ. ಅಷ್ಟು ಹೊತ್ತು ಸಿಗಲಿಲ್ಲ.

ಅವ್ವ ಹೇಳುವುದು, ಪ್ರತಿ ಹೆಜ್ಜೆ ಸದ್ದಿಗೂ ರಶ್ಮಿ ಬಂದಳೆಂದು ಅದು ಬೊಗಳುತ್ತದಂತೆ. ನನಗೆ ಹಾಗನ್ನಿಸುವುದಿಲ್ಲ. ರಶ್ಮಿ ಇದ್ದಾಗಲೂ ಹೀಗೇ ಬೊಗಳುತ್ತಿತ್ತು. ರಶ್ಮಿಯ ಮೇಲೂ.

ಆದರೂ ಜೀಡಿಮೆಟ್ಲಾಕ್ಕೆ ಕೊಡಲಾರೆ. ಅದು ಹೋದರೆ ಅವಳ ಮನೆ ಪೂರ್ತಿ ಖಾಲಿಯಾದಂತೆ.

ಜುಲೈ 7, ಸೋಮವಾರ

ಯೂಟ್ಯೂಬ್ ನೋಡಿ ಶುರು ಮಾಡಿದೆ. ಬೈಯಬಾರದು—ನಾವು ಕೂಗಿದರೆ ಅದು ನಾವೂ ಜೊತೆಗೆ ಬೊಗಳುತ್ತಿದ್ದೇವೆ ಅಂದುಕೊಳ್ಳುತ್ತದಂತೆ. ಬೊಗಳುತ್ತಿರುವಷ್ಟು ಹೊತ್ತು ಅದರ ಕಡೆ ನೋಡಬಾರದು. ಬಾಯಿ ಮುಚ್ಚಿದ ಕ್ಷಣ ತಿನ್ನಲು ಏನಾದರೂ ಕೊಡಬೇಕು. ಬಾಯಿ ಮುಚ್ಚಿರುವ ಹೊತ್ತನ್ನು ದಿನಾ ಒಂದಿಷ್ಟು ಬೆಳೆಸಬೇಕು.

ಆಫೀಸಿನಿಂದ ಬಂದು ಹೊರಗೆ ನಿಂತು ನನ್ನದೇ ಮನೆಯ ಬೆಲ್ ಒತ್ತುತ್ತೇನೆ. ಒಳಗೆ ಹೋಗಿ ಪನೀರಿನ ಚೂರು ಹಿಡಿದು ಕಾಯುತ್ತೇನೆ. ಮತ್ತೆ ಹೊರಗೆ, ಮತ್ತೆ ಬೆಲ್. ನಿಖಿತಾ ಹತ್ತುತ್ತ ನಿಂತು ಕೇಳಿದಳು, “ಆಂಟಿ, ಅಜ್ಜಿ ಬಾಗಿಲು ತೆಗೀತಿಲ್ವಾ?”

ಎಂ.ಎ. ಓದುವಾಗ ಮೌನದ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಪನೀರು ಬೇಕಾಗುತ್ತದೆಂದು ಗೊತ್ತಿರಲಿಲ್ಲ.

ಜುಲೈ 12, ಶನಿವಾರ. ಮಧ್ಯಾಹ್ನ

ನಾನಿರುವಾಗ ಸುಮಾರು. ನಾನಿಲ್ಲದಾಗ ಮೊದಲಿನಂತೆಯೇ ಅಂತ ವೈನಿ ಹೇಳಿದರು. ಇವತ್ತು ರಜೆ. ಕೋಣೆಯಲ್ಲಿ ಮಲಗಿದ್ದೆ. ಕೊರಿಯರ್‌ನವನು ಮೇಲೆ ಹತ್ತಿದ. ಜೀರಿಗಿ ಬೊಗಳಿತು. ಡಬ್ಬಿಯ ಮುಚ್ಚಳದ ಸದ್ದು. ಇಣುಕಿದರೆ—ಅವ್ವ ಜೋಳದ ರೊಟ್ಟಿ ಮುರಿದು ಹಾಕುತ್ತಿದ್ದಾಳೆ. ಬಾಗಿಲ ಹಿಂದೆ ಅದಕ್ಕೆಂದೇ ಒಂದು ಡಬ್ಬಿ.

“ಅವ್ವ, ಏನು ಮಾಡಾಕತ್ತೀ?”

“ಬಾಗಿಲದಾಗ ಕೂಗಿದವ್ರನ್ನ ಬರಿಗೈಲೆ ಕಳಿಸಬಾರದವ್ವ. ನಿಮ್ಮಜ್ಜಿ ಕಾಲದಿಂದ ನಮ್ಮನ್ಯಾಗ ನಡಕೊಂಡ ಬಂದೈತಿ.”

“ಅದು ಮನಿ ಒಳಗ ಐತಿ.”

“ಒಳಗಿದ್ರೇನು, ಕೂಗಿದ್ದು ಬಾಗಿಲದಾಗ ಹೌದಲ್ಲ?”

ಐದು ತಿಂಗಳು. ಪ್ರತಿ ಬೊಗಳಿಗೆ ಒಂದು ತುತ್ತು. ನನ್ನ ಪನೀರು ಸಂಜೆಯ ಪಾಠ, ಅವ್ವನದು ಇಡೀ ದಿನದ ದಾಸೋಹ. ನಗು ಬಂತು. ಆಮೇಲೆ ಬರಲಿಲ್ಲ. ಮಗಳು ಹೋದ ಮೇಲೆ ಅವ್ವ ಕರೆದು ಉಣಿಸಿದ್ದು ಇದೊಂದಕ್ಕೇ.

ಜುಲೈ 13

ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಕೇಳಿದೆ. “ಅವ್ವ, ಕೂಗಿದವ್ರಿಗೆ ಹಾಕ್ತೀ, ಖರೆ. ಸುಮ್ಮ ಕುಂತವ್ರಿಗೆ ಹಸಿವು ಇರೂದಿಲ್ಲೇನು?”

ಅವ್ವ ಹಿಟ್ಟು ತಟ್ಟುವುದನ್ನು ನಿಲ್ಲಿಸಿದಳು.

“ಇರ್ತೈತಿ. ಬಾಯಿಬಿಟ್ಟು ಕೇಳಲಾರದವ್ರಿಗೆ ಹೆಚ್ಚಿಗೆ ಇರ್ತೈತಿ.”

ಇವತ್ತಿನಿಂದ ಸುಮ್ಮನಿದ್ದಾಗ ಮಾತ್ರ ರೊಟ್ಟಿ. ಅವ್ವನೇ ಕಲಿಸುತ್ತಾಳೆ. ಕಿಟಕಿಗೆ ಚಾದರ ಕಟ್ಟಿದೆ, ರಸ್ತೆ ಕಾಣದಿರಲೆಂದು. ಮನೆ ಕತ್ತಲಾಯಿತು.

ಜುಲೈ 20, ಭಾನುವಾರ

ರಸ್ತೆಯಲ್ಲಿ ಬೋನಾಲು ಮೆರವಣಿಗೆ. ಡಪ್ಪು, ತಮಟೆ ಸದ್ದಿಗೆ ಗಾಜು ನಡುಗಿತು. ಜೀರಿಗಿ ಮಂಚದ ಕೆಳಗೆ ಸೇರಿ ನಡುಗಿತು, ಬೊಗಳಲಿಲ್ಲ. ಅವ್ವ ನೆಲದ ಮೇಲೆ ಮಲಗಿ ಮಂಚದಡಿ ಕೈ ಚಾಚಿ ರೊಟ್ಟಿ ಕೊಟ್ಟಳು. ಹೆದರಿಕೆಗೂ ಕಲಿಕೆಗೂ ಗೆರೆ ಎಲ್ಲಿ...

ಆಗಸ್ಟ್ 2

ಕಲಿತಿದೆ. ಬೆಲ್ ಆದರೆ ಬಾಗಿಲ ಬದಿಗೆ ಹೋಗಿ ಕೂರುತ್ತದೆ. ಬಾಲ ಕೂಡ ಅಲ್ಲಾಡಿಸುವುದಿಲ್ಲ. ಅವ್ವನ ಕೈಯನ್ನೇ ನೋಡುತ್ತದೆ.

ಸೆಕ್ರೆಟರಿ ಹೆಬ್ಬೆರಳು ಎತ್ತಿ ತೋರಿಸಿದರು. ಜೀಡಿಮೆಟ್ಲಾದ ಮಾತು ಮುಗಿಯಿತು. ಮೆಟ್ಟಿಲಲ್ಲಿ ಸಿಕ್ಕ ವೈನಿ, “ಭಾಳ ತ್ರಾಸ ತಗೊಂಡ್ರಿ” ಅಂದರು. ಬಡವಾಗಿದ್ದಾರೆ. ಅಣ್ಣಾರು ಹೇಗಿದ್ದಾರೆ ಅಂದರೆ, “ಹಂಗೇ” ಅಂದರು.

ಖುಷಿಯಾಗಬೇಕಿತ್ತು. ಫ್ರಿಜ್ಜಿನ ಸದ್ದು ಕೇಳುತ್ತದೆ. ಅವ್ವ ನಿಟ್ಟುಸಿರು ಬಿಡುವುದು ಕೇಳುತ್ತದೆ. ರಶ್ಮಿ ಇಲ್ಲದ್ದು ಇಷ್ಟು ದಿನ ಬೊಗಳಿನ ಅಡಿಯಲ್ಲಿ ಮುಚ್ಚಿಕೊಂಡಿತ್ತು. ಈಗ ಅವ್ವ ಟಿವಿ ಹಾಕಿ ಅಡಿಗೆಮನೆಗೆ ಹೋಗುತ್ತಾಳೆ. ನೋಡುವವರು ಯಾರೂ ಇರುವುದಿಲ್ಲ.

ಆಗಸ್ಟ್ 17, ಭಾನುವಾರ. ಸಂಜೆ

ಬೆಲ್ ಆಯಿತು. ಜೀರಿಗಿ ಹೋಗಿ ಕೂತಿತು. ಬಾಗಿಲು ತೆಗೆದರೆ ವೈನಿ. ತಲೆ ಬಾಚಿಲ್ಲ. ಅವರ ಮನೆ ಬಾಗಿಲು ಹಿಂದೆ ತೆರೆದೇ ಇತ್ತು, ಒಳಗಿನ ಮಂಚದ ಕಾಲು ಕಾಣುತ್ತಿತ್ತು.

“ಇವ್ರು ಊಟ ಬಿಟ್ಟಾರ್ರಿ,” ಮೆಲ್ಲಗೆ ಹೇಳಿದರು. “ಡಾಕ್ಟರು ಬಂದು ನೋಡಿ ಹೋದ್ರು. ಏನೂ ಹೊಸಾದಿಲ್ಲ ಅಂದ್ರು. ನಿನ್ನಿ ಇವ್ರೇ ಕೇಳಿದ್ರು, ಈಗ ನಮ್ಮ ಮೆಟ್ಟಲಾ ಯಾರೂ ಹತ್ತೂದಿಲ್ಲೇನು ಅಂತ.”

ನನಗೆ ತಿಳಿಯಲಿಲ್ಲ.

“ನಾಯಿ ಒದರಿದ್ರ ಯಾರೋ ಬಂದ್ರು ಅಂತ ಗೊತ್ತಾಗತಿತ್ತಂತ. ತನ್ನ ನೋಡಾಕೇ ಬಂದಾರಂತ ಎದ್ದು ಕುಂದರಾಕ ನೋಡತಿದ್ರಂತ. ಬಾಗಿಲು ಬಡೀಲಿಲ್ಲಂದ್ರ, ಮುಂದಿನವ್ರು ಬರ್ತಾರ ಬಿಡು ಅಂತ ಮತ್ತ ಮಲಗತಿದ್ರಂತ. ನಾ ನಿದ್ದಿ ಕೆಡತೈತಿ ಅಂತ ತಿಳಕೊಂಡೆ.” ತಿರುಗಿ ತಮ್ಮ ಬಾಗಿಲ ಕಡೆ ನೋಡಿದರು. “ಈಗ ಎಲ್ಲಾರೂ ನನ್ನ ಬಿಟ್ರು, ನೀ ಮುಚ್ಚಿಡಾಕತ್ತೀ ಅಂತಾರ. ಸುವರ್ಣಾ, ಒಂದ ಸಲ ಒದರಸ್ತೀರೇನ್ರಿ?”

ಬೆಲ್ ಒತ್ತಿದೆ. ಜೀರಿಗಿ ಕೂತೇ ಇತ್ತು. ಮತ್ತೆ ಒತ್ತಿದೆ. ಅವ್ವ ಬಂದು ಏನೂ ಕೇಳದೆ ಚಪ್ಪಲಿ ಮೆಟ್ಟಿ, ಗೋಡೆ ಹಿಡಿದು ಮೆಟ್ಟಿಲ ಮೇಲೆ ಟಪಟಪ ಸದ್ದು ಮಾಡುತ್ತ ಹತ್ತಿಳಿದಳು. ನಾನು ನೆಲಕ್ಕೆ ಕೂತು ಅದರ ಮುಖ ಹಿಡಿದು ಹೇಳಿದೆ, “ಒದರು, ಜೀರಿಗಿ. ಒದರು.” ಮೈ ಬಿಗಿಯಾಯಿತು, ಗಂಟಲು ಒಮ್ಮೆ ಅಲುಗಿತು. ನುಂಗಿಕೊಂಡಿತು. ಬಹಳ ಒಳ್ಳೆಯ ನಾಯಿಯಂತೆ ನನ್ನನ್ನೇ ನೋಡಿತು.

ಎದುರು ಮನೆಯಿಂದ ಅಣ್ಣಾರ ದನಿ ಬಂತು. “ಯಾರು?”

ವೈನಿ ನನ್ನ ಹೆಗಲು ಮುಟ್ಟಿ ಎಬ್ಬಿಸಿದರು. ಪಿಸುದನಿಯಲ್ಲಿ ಅಂದರು—

“ಬಿಡ್ರಿ. ನಾ ಇಲ್ಲೇ ಒಂದೀಟು ಹೊತ್ತು ನಿಂದರತೀನಿ. ಆಮ್ಯಾಲೆ ಒಳಗ ಹೋಗಿ, ಯಾರೋ ಬಂದಿದ್ರು, ನೀವು ಮಲಗೀರಂತ ತಿಳದು ಹೋದ್ರು ಅಂತ ಹೇಳ್ತೀನಿ.”