ಬೆರಳಿನ ಹೇಳಿಕೆ

ಬೆಟಗೇರಿ, ಶ್ರಾವಣ ಶುದ್ಧ ಪಂಚಮಿ, ಇಸವಿ ೨೧೯೧

ನೂರಾ ಅರವತ್ತು ವರ್ಷ ಹಿಂದಿರುವ ನಿಮಗೆ,

ಮೇಲಿನ ತಾರೀಖು ನೋಡಿ ನಗುವವರು ನಗಬಹುದು, ಆದರೆ ಪತ್ರವನ್ನು ಕೊನೆಯವರೆಗೆ ಓದಬೇಕು. ನಮ್ಮ ಕಾಲದ ಒಂದೆರಡು ಪದ ನಿಮಗೆ ಹೊಸವು, ಹೇಳುತ್ತ ಹೋಗುತ್ತೇನೆ. ಪದಗಳ ವಿಚಿತ್ರಕ್ಕೆ ಕ್ಷಮೆ ಕೇಳುತ್ತೇನೆ. ನನ್ನ ಸಿಟ್ಟಿಗೆ ಕೇಳುವುದಿಲ್ಲ.

ನನ್ನ ಹೆಸರು ದಾಕ್ಷಾಯಣಿ ಹೊಂಬಳ. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳ ಕಂಬ ಹತ್ತಿ ಗ್ರೀಸ್ ಹಾಕುವುದು ನನ್ನ ಕೆಲಸ. ನಮ್ಮಲ್ಲಿ ಯಾರೂ ಏನನ್ನೂ ಬರೆಯುವುದಿಲ್ಲ. ಹುಟ್ಟಿದ ಮೂರನೇ ವರ್ಷಕ್ಕೆ ಕೊರಳಿಗೆ ಕೇಳುಮಣಿ ಕಟ್ಟುತ್ತಾರೆ. ಹುಣಸೆಬೀಜದಷ್ಟು ದೊಡ್ಡದು, ಬೂದು ಬಣ್ಣದ್ದು. ಆಡಿದ್ದನ್ನು ಕೇಳಿಸಿಕೊಂಡು ಅದೇ ಬರೆಯುತ್ತದೆ: ಸಂತೆಯ ಚೀಟಿ, ಮದುವೆಯ ಕರೆಯೋಲೆ, ರಜೆಯ ಅರ್ಜಿ, ಎಲ್ಲವನ್ನೂ. ಬರೆಯುವಾಗ ನಮ್ಮ ಮಾತನ್ನು ತೊಳೆದು ಮಡಿ ಮಾಡಿ, ಕಚೇರಿಯ ಕನ್ನಡಕ್ಕೆ ತಿರುಗಿಸುತ್ತದೆ. ಮಕ್ಕಳು ಅಕ್ಷರ ಓದುತ್ತಾರೆ, ಆದರೆ ಒಂದನ್ನೂ ಸ್ವಂತ ಕೈಯಿಂದ ಮೂಡಿಸಲಾರರು. ಇದರಲ್ಲಿ ತಪ್ಪೇನಿದೆ ಎಂದು ನನಗೂ ಮೂವತ್ತೆಂಟು ವರ್ಷ ಅನ್ನಿಸಿರಲಿಲ್ಲ.

ಹೋದ ವರ್ಷ ನನ್ನ ಜೊತೆಗಾರ ರಾಜೇಸಾಬ ನದಾಫ ಹದಿನೇಳನೇ ಕಂಬದಿಂದ ಬಿದ್ದು ಸತ್ತ. ಸೊಂಟದ ಪಟ್ಟಿಯನ್ನು ಹಗ್ಗಕ್ಕೆ ಸಿಕ್ಕಿಸುವ ಕೊಂಡಿ ಸವೆದಿತ್ತು. ಅವನೂ ನಾನೂ ಮೇಲ್ವಿಚಾರಕನಿಗೆ ಮೂರು ಸಲ ಹೇಳಿದ್ದೆವು. ವಿಚಾರಣೆಗೆ ನನ್ನನ್ನು ಕರೆದರು. ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿದೆ: "ಕೊಂಡಿ ಸವದೈತಿ ಅಂತ ಮೂರ್ ಸಲ ಹೇಳಿದ್ವಿ. ಕೇಳ್ಲಿಲ್ಲ. ಹತ್ತು ಅಂದ್ರು, ಹತ್ತಿದ."

ಮಣಿ ಬರೆದದ್ದು ಹೀಗೆ: "ಕೊಂಡಿ ಸವೆದಿರುವುದನ್ನು ಮೂರು ಬಾರಿ ತಿಳಿಸಲಾಗಿತ್ತು. ಮೃತರು ಕೇಳಲಿಲ್ಲ. ಹತ್ತಿದರು."

ಯಾರು ಕೇಳಲಿಲ್ಲ ಎಂದು ನಾನು ಬಿಡಿಸಿ ಹೇಳಿರಲಿಲ್ಲ. ನಮ್ಮ ಮಾತಿನಲ್ಲಿ ಹೇಳಬೇಕಾಗಿಯೂ ಇಲ್ಲ. ಮಣಿ ಅಲ್ಲಿ ಸತ್ತವನನ್ನು ತಂದು ಕೂರಿಸಿತು. "ಹತ್ತು ಅಂದ್ರು" ಎಂಬುದನ್ನು ಹೆಚ್ಚಿನ ಮಾತೆಂದು ತೆಗೆದುಹಾಕಿತು. ತಿಂಗಳು ಕಳೆಯುವಷ್ಟರಲ್ಲಿ ಪ್ರತಿ ಕಂಬದ ಬುಡದಲ್ಲಿ ರಾಜೇಸಾಬನ ಭಾವಚಿತ್ರದ ಫಲಕ ಎದ್ದಿತು. ಕೆಳಗೆ "ಸೂಚನೆ ಮೀರಿದವರು" ಎಂಬ ಬರಹ. ಅಂಥದ್ದೊಂದನ್ನು ಶಾಲೆಯ ರಸ್ತೆಯಲ್ಲೂ ನೆಟ್ಟರು. ಅವನ ಮಗಳು ಎಂಟು ವರ್ಷದವಳು, ದಿನಾ ಅದರ ಮುಂದೆಯೇ ಹೋಗಬೇಕು. ಅವನ ಹೆಂಡತಿ ಹುಸೇನಬಿ ನನ್ನ ಮನೆಗೆ ಬಂದು ಕೇಳಿದ್ದು ಒಂದೇ ಮಾತು: "ನೀ ಹಿಂಗ ಹೇಳಿದ್ಯೇನ್, ಅಕ್ಕಾ?"

ಕಚೇರಿಗೆ ಓಡಿದೆ. ಅಧಿಕಾರಿ ಕಡತ ತೆರೆದು ತೋರಿಸಿದರು. ಮಣಿ ಬರೆದದ್ದನ್ನು ಮಣಿಯಿಂದ ತಿದ್ದುವಂತಿಲ್ಲ. ಹಳೆಯದೊಂದು ನಿಯಮ ಉಳಿದಿದೆ, ಬೆರಳಿನ ಹೇಳಿಕೆ ಅದರ ಹೆಸರು. ಸಾಕ್ಷಿ ತಾನೇ ಕೀಲಿಮಣೆಯ ಮುಂದೆ ಕೂತು, ಯಾರ ಸಹಾಯವಿಲ್ಲದೆ, ಅರ್ಧ ಗಂಟೆಯಲ್ಲಿ ಪೂರ್ತಿ ಹೇಳಿಕೆಯನ್ನು ಒತ್ತಿ ಮುಗಿಸಬೇಕು. ಎರಡೇ ಅವಕಾಶ. ಅಂದೇ ಕೂತೆ. ಒಂದು ಬೆರಳಿನಿಂದ ಅಕ್ಷರ ಹುಡುಕುತ್ತ ನನ್ನ ಹೆಸರು, ಊರು, ಕಂಬದ ಸಂಖ್ಯೆ ಒತ್ತಿ 'ಕೊಂಡಿ' ಎಂಬಲ್ಲಿಗೆ ಬಂದಿದ್ದೆ.

"ಟೈಮ್ ಮುಗೀತ್ರಿ, ಏಳ್ರಿ," ಎಂದರು ಅಧಿಕಾರಿ. ಎರಡನೆಯದು ನಲವತ್ತು ದಿನದ ಮೇಲೆ.

ಕೀಲಿಮಣೆ ಗೊತ್ತಿದ್ದವರು ನಮ್ಮ ಬೆಟಗೇರಿಯಲ್ಲೆಲ್ಲ ಒಬ್ಬರೇ ಇದ್ದರು. ಅನಸೂಯಾಬಾಯಿ ಕಟ್ಟೀಮನಿ, ಎಂಬತ್ತೊಂದು ವರ್ಷ, ನೇಕಾರರ ಓಣಿಯಲ್ಲಿ ಮನೆ. ಅವರ ಮುತ್ತಜ್ಜಿ ನಿಮ್ಮ ಕಾಲದಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿದ್ದವರಂತೆ. ವಿದ್ಯೆ ತಾಯಿಯಿಂದ ಮಗಳಿಗೆ ಇಳಿದು ಬಂದಿತ್ತು. ಬಾಯಿಯವರು ನನ್ನ ಎರಡೂ ಕೈಗಳನ್ನು ಕೀಲಿಗಳ ನಡುಸಾಲಿನ ಮೇಲೆ ಇರಿಸಿ, ಮೇಲೊಂದು ಟವೆಲ್ ಹೊದಿಸಿದರು. ನಾನು ಬಗ್ಗಿ ನೋಡಹೋದರೆ ಗದ್ದ ಹಿಡಿದೆತ್ತುವರು.

"ಕಣ್ಣ ನೋಡಿದ್ರ ಬೆರಳ ಯಾವಾಗ ಕಲೀಬೇಕವಾ?"

ಕಂಬ ಹತ್ತಿ ಜಡ್ಡುಗಟ್ಟಿದ ಕೈ ನನ್ನದು. ಕಿರುಬೆರಳು ಕೀಲಿ ಒತ್ತಲು ಒಲ್ಲೆನ್ನುತ್ತಿತ್ತು. ಮೊದಲ ವಾರ ನಿಮಿಷಕ್ಕೆ ಐದು ಪದ. ಅವಸರ ಮಾಡಿದಷ್ಟೂ ತಪ್ಪು, ತಪ್ಪು ಅಳಿಸಿದಷ್ಟೂ ಸಮಯ ಹಾಳು.

"ಓಡಬ್ಯಾಡ," ಎಂದರು ಬಾಯಿಯವರು. "ಒಂದ ಲಯದಾಗ ಒತ್ತು. ಸಾವಕಾಶ ಆದ್ರೂ ಅಡ್ಡಿಯಿಲ್ಲ, ತಪ್ಪಬಾರದು. ಜೋರು ತಾನ ಬರ್ತೈತಿ."

ಮೂರನೇ ವಾರ ಹದಿನಾಲ್ಕಕ್ಕೆ ಬಂದು ಅಲ್ಲೇ ನಿಂತೆ. ಹತ್ತು ದಿನ ಒಂದು ಪದವೂ ಏರಲಿಲ್ಲ. ಕೊನೆಗೆ ಬಾಯಿಯವರು ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ ನನ್ನ ಸದ್ದು ಕೇಳಿದರು. ಪ್ರತಿ ಒತ್ತಕ್ಷರದ ಹತ್ತಿರ ನಾನು ತಡೆಯುತ್ತಿದ್ದೆ. "ಅಂದ್ರು, ಅಂದ್ರು, ಅಂದ್ರು, ಇದನ್ನ ಇನ್ನೂರು ಸಲ ಒತ್ತು," ಎಂದರು. ಒತ್ತಿದೆ. ಮರುದಿನ ಮುನ್ನೂರು ಸಲ. ಬೆರಳು ಯೋಚನೆ ಬಿಟ್ಟವು. ವೇಗ ಇಪ್ಪತ್ತು ದಾಟಿತು.

ಹೀಗೆ ಕಲಿಯುವಾಗೆಲ್ಲ ನಿಮ್ಮ ನೆನಪಾಗಿ ಮೈ ಉರಿಯುತ್ತಿತ್ತು. ನಿಮ್ಮ ಮೇಜಿನ ಮೇಲೆಲ್ಲ ಕೀಲಿಮಣೆ ಇತ್ತು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ಕೂತಿದ್ದರೆ ಕೈಗೆ ಬರುವ ವಿದ್ಯೆ. ನೀವು ಎರಡು ಬೆರಳಿನಿಂದ ಕುಟ್ಟುತ್ತ ಇಪ್ಪತ್ತು ವರ್ಷ ಕಳೆದಿರಿ, ಟೈಪಿಂಗ್ ಕ್ಲಾಸುಗಳ ಬಾಗಿಲು ಹಾಕಿಸಿದಿರಿ, ಆಮೇಲೆ ಮಾತಾಡಿದರೆ ಸಾಕು ಯಂತ್ರವೇ ಬರೆಯುತ್ತದೆ ಎಂದು ಮಕ್ಕಳಿಗೆ ಹೇಳಿದಿರಿ. ನಿಧಾನವೆಂಬ ಒಂದೇ ಕಾರಣಕ್ಕೆ ಕೈಬಿಟ್ಟಿರಿ. ನಿಧಾನವಾಗಿದ್ದುದು ಕೀಲಿಮಣೆ ಅಲ್ಲ, ನೀವು.

ನಲವತ್ತನೇ ದಿನ ಕಚೇರಿಯಲ್ಲಿ ಕೂತೆ. ಹುಸೇನಬಿ ಬಾಗಿಲಲ್ಲಿ ನಿಂತಿದ್ದಳು. ಮೊದಲ ಸಾಲಿನಲ್ಲೇ ಎರಡು ತಪ್ಪಾದವು. ಉಸಿರು ಬಿಟ್ಟು, ಬೆರಳನ್ನು ನಡುಸಾಲಿಗೆ ತಂದು, ಮತ್ತೆ ಹೊರಟೆ. ಗುಮಾಸ್ತನೊಬ್ಬ ಹಿಂದೆ ಬಂದು, "ಈಕಿ ಕೆಳಗ ನೋಡವಲ್ಲಳಲ್ರೀ," ಎಂದು ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು. ಕೊಂಡಿಯ ಮಾತು, ಮೂರು ಸಲ ಹೇಳಿದ ದಿನಗಳು, ಹತ್ತು ಎಂದವನ ಹೆಸರು, ಎಲ್ಲವನ್ನೂ ನಮ್ಮ ಮಾತಿನಲ್ಲೇ ಒತ್ತಿದೆ. ಐನೂರ ನಲವತ್ತು ಪದ, ಇಪ್ಪತ್ತೇಳು ನಿಮಿಷ. ಉಳಿದ ಮೂರು ನಿಮಿಷದಲ್ಲಿ ಕೊಂಡಿಯ ಭಾಗವನ್ನು ಗಟ್ಟಿಯಾಗಿ ಓದಿದೆ. ಹುಸೇನಬಿ ಅಳಲಿಲ್ಲ. "ಹೌದು, ಹಿಂಗ," ಎಂದಳು.

ತೀರ್ಪು ಬದಲಾಯಿತು. ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಫಲಕ ತೆಗೆಯಲು ಬಂದವರ ಕೈಯಿಂದ ಹುಸೇನಬಿ ಸ್ಪ್ಯಾನರ್ ಇಸಿದುಕೊಂಡು, ಶಾಲೆಯ ರಸ್ತೆಯದನ್ನು ತಾನೇ ಬಿಚ್ಚಿದಳು.

ಆದರೆ ಅದೇ ಕಚೇರಿಯ ಕಪಾಟಿನಲ್ಲಿ ಇನ್ನೂ ಹತ್ತೊಂಬತ್ತು ಕಡತಗಳಿವೆ. ಹತ್ತೊಂಬತ್ತರಲ್ಲೂ "ಮೃತರು ಕೇಳಲಿಲ್ಲ" ಎಂದೇ ಬರೆದಿದೆ. ತೆರೆಯಿರಿ ಎಂದರೆ, ಸಾಕ್ಷಿಗಳು ಬಂದು ಒತ್ತಲಿ ಎನ್ನುತ್ತಾರೆ. ಈಗ ಬಾಯಿಯವರ ಪಡಸಾಲೆಯಲ್ಲಿ ಆರು ಜನ ಕೂಡುತ್ತಾರೆ, ನಾನೂ ಕಲಿಸುತ್ತೇನೆ. ಅವರಲ್ಲಿ ಸಾವಂತ್ರವ್ವ ಎಂಬವರ ಮಗನದೂ ಆ ಕಡತಗಳಲ್ಲಿ ಒಂದು, ಅವರೇ ಸಾಕ್ಷಿ, ಅರವತ್ಮೂರು ವರ್ಷ. ಒಂದು ಅವಕಾಶ ಆಗಲೇ ಹೋಗಿದೆ. ನಿಮಿಷಕ್ಕೆ ಒಂಬತ್ತು ಪದ ಒತ್ತುತ್ತಾರೆ, ಉಳಿದಿರುವುದು ಹನ್ನೆರಡು ದಿನ. ನಿನ್ನೆ ನನ್ನನ್ನು ಕೇಳಿದರು, "ನಂಗ ಆಗ್ತೈತೇನವಾ?" ನಾನು ಸುಳ್ಳು ಹೇಳಿದೆ.

ಅವರಿಗೆ ಸಮಯ ಸಾಲುವುದಿಲ್ಲ. ನಿಮಗೆ ಸಾಲುತ್ತದೆ. ಕಲಿಯಿರಿ, ನಿಮ್ಮ ಮಕ್ಕಳಿಗೂ ಕಲಿಸಿ.

ಇಂತಿ,
ದಾಕ್ಷಾಯಣಿ ಹೊಂಬಳ